ವಕೀಲ ಹೋತಕ್ಕೆ ಕೇಳಿದ ಪ್ರಶ್ನೆ

ನಮ್ಮ ಮನೆಯಲ್ಲಿ ಆತ್ಮದ ಜಗಳ ಶುರುವಾಗುತ್ತಿದ್ದುದು ಒಲೆಯ ಮುಂದೆ, ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ. ಬೇರೆಯವರ ಮನೆಗಳಲ್ಲಿ ಪಲ್ಯಕ್ಕೆ ಉಪ್ಪು ಹೆಚ್ಚಾಯಿತು, ಸೊಸೆ ಎದುರು ಮಾತಾಡಿದಳು ಎಂದು ಜಗಳವಾದರೆ, ನಮ್ಮಲ್ಲಿ ಅಪ್ಪ ಮತ್ತು ಅವನನ್ನು ಹೆತ್ತವಳು ಜೀವದೊಳಗೆ ಆತ್ಮ ಇದೆಯೋ ಇಲ್ಲವೋ ಎಂದು ಕಿತ್ತಾಡುತ್ತಿದ್ದರು. ಅದೂ ಮನುಷ್ಯರ ಆತ್ಮವಲ್ಲ, ಕಥೆಯಲ್ಲಿ ಬರುವ ಒಂದು ಗಂಡು ಆಡಿನದು. ನಮ್ಮ ಕಡೆ ಅದನ್ನು ಹೋತ ಎನ್ನುತ್ತಾರೆ. ಕಥೆಯನ್ನು ಕಟ್ಟಿ ಹೇಳುತ್ತಿದ್ದವಳು ಅಪ್ಪನ ಅವ್ವ, ನಾನು ಆಯಿ ಎಂದು ಕರೆಯುತ್ತಿದ್ದವಳು. ಆ ಹೋತ ಮಾತಾಡುತ್ತಿತ್ತು, ವಾದ ಮಾಡುತ್ತಿತ್ತು, ರಾಜನನ್ನು ತರಾಟೆಗೆ ತೆಗೆದುಕೊಳ್ಳುತ್ತಿತ್ತು. ಅಪ್ಪ ಬಾಗಿಲಾಚೆ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, ಕೇಳುತ್ತಿಲ್ಲ ಎಂಬ ಹಾಗೆ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ತಡೆಯಲಾರದೆ ಬಾಯಿ ಹಾಕುತ್ತಿದ್ದ. ಆಯಿ ಮಗನನ್ನು ತಮ್ಮಾ ಎಂದೇ ಕರೆಯುತ್ತಿದ್ದಳು.

“ಯವ್ವಾ, ಮನಷ್ಯಾಗ ಆತ್ಮ ಅನ್ನೂದಿಲ್ಲ. ಇನ್ನ ನಿನ್ನ ಹೋತಕ್ಕ ಎಲ್ಲಿಂದ ಬಂತು?”

“ಆತ್ಮ ಇಲ್ದ ಮಾತ ಹೆಂಗ ಬರತೈತೊ ತಮ್ಮಾ? ಒಳಗ ಯಾರೂ ಇಲ್ಲಂದ್ರ ಮಾತಾಡಾಂವ ಯಾರು?”

“ರೇಡಿಯೋನೂ ಮಾತಾಡ್ತೈತಿ.”

“ರೇಡಿಯೋ ನಾ ಕೇಳಿದ್ದಕ್ಕ ಹೊಳ್ಳಿ ಉತ್ತರಾ ಕೊಡ್ತೈತೇನು? ನನ್ನ ಹೋತ ಕೊಡ್ತಾನ.”

“ರೊಟ್ಟಿ ಆರಾಕತ್ತಾವು,” ಎಂದು ಅವ್ವ ನಡುವೆ ಬರುತ್ತಿದ್ದಳು. “ಆತ್ಮ ಆಮ್ಯಾಲ ನೋಡಕೊಳ್ರಿ, ಮೊದಲ ಉಣ್ರಿ.”

ಇದೆಲ್ಲ ಈಗ ನೆನಪಾದದ್ದಕ್ಕೆ ಕಾರಣವಿದೆ. ನಾನು ಮಕ್ಕಳಿಗಾಗಿ ಮಾಯಾಲೋಕದ ಕಾದಂಬರಿಗಳನ್ನು ಬರೆಯುತ್ತೇನೆ. ಅವುಗಳಲ್ಲಿ ಪ್ರಾಣಿಗಳು ಮಾತಾಡುತ್ತವೆ. ಕಳೆದ ಚಳಿಗಾಲದಲ್ಲಿ ಬೈಲಹೊಂಗಲದ ಒಂದು ಶಾಲೆಗೆ ಕರೆದಿದ್ದರು. ಓದಿ ಮುಗಿಸಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, “ಬಾಯಾರ, ನಿಮ್ಮ ಕಥೀಯೊಳಗಿನ ಮುಂಗುಸಿಗೆ ಆತ್ಮ ಐತೇನ್ರಿ? ಅದು ಸತ್ತರ ಎಲ್ಲಿ ಹೋಗತೈತ್ರಿ?” ಎಂದು ಕೇಳಿದಳು. ಶಿಕ್ಷಕರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಅದೇನು ಹೊಸದಲ್ಲ. ಆದರೂ ನೀರು ಕುಡಿದು ಮಾತು ಬದಲಿಸಿದೆ. ನಗುವ ಪ್ರಶ್ನೆಯೇ ಅದು? ನಮ್ಮ ಮನೆಯಲ್ಲಿ ಅದೇ ಪ್ರಶ್ನೆಯ ಮೇಲೆ ಒಂದು ಜೀವ ನಿಂತಿತ್ತು. ಆ ಜೀವ ನನ್ನದು.

ಮನೆ ಮನೋಳಿಯಲ್ಲಿ, ಹೊಳೆಗೆ ಇಳಿಯುವ ದಾರಿಯ ಕೇರಿಯಲ್ಲಿತ್ತು. ಮಣ್ಣಿನ ಮಾಳಿಗೆ, ಒಂದು ಪಡಸಾಲೆ, ಹಿಂದೆ ಅಡುಗೆಮನೆ, ಮುಂದೆ ಬೇವಿನ ಗಿಡವಿದ್ದ ಅಂಗಳ. ಪಡಸಾಲೆಯ ಗೋಡೆ ಅಪ್ಪನದು. ಅಲ್ಲಿ ಕಣ್ಣು ಮುಚ್ಚಿ ಕುಳಿತ ಬುದ್ಧ, ಪಕ್ಕದಲ್ಲಿ ನೀಲಿ ಕೋಟಿನ ಸಾಹೇಬರ ಫೋಟೋ. ನಾನು ಹುಟ್ಟುವ ಮೊದಲೇ ಅಪ್ಪ ತನ್ನ ಸಂಗಡಿಗರ ಜೊತೆ ಬೌದ್ಧನಾಗಿದ್ದ. ದೇವರು ಬೇಡ, ಹರಕೆ ಬೇಡ, ಕೊಲ್ಲುವುದು ಬೇಡ ಎಂದು ಕೈ ಮುಂದೆ ಮಾಡಿ ಪ್ರತಿಜ್ಞೆ ಮಾಡಿ ಬಂದಿದ್ದ. ಅಡುಗೆಮನೆಯ ಗೂಡು ಆಯಿಯದು. ಅಲ್ಲಿ ಭಂಡಾರದ ಅರಿಶಿನ ಮೆತ್ತಿದ ಎಲ್ಲಮ್ಮ, ಕೇರಿಯ ದುರ್ಗವ್ವ. ನಡುವಿನ ಬಾಗಿಲಚೌಕಟ್ಟು ಗಡಿ. ಅವ್ವ ಸಂಜೆ ಒಂದೇ ಕಡ್ಡಿ ಗೀರಿ ಈಚೆ ಮೇಣಬತ್ತಿ, ಆಚೆ ಎಣ್ಣೆದೀಪ ಹಚ್ಚುತ್ತಿದ್ದಳು. ನೀನು ಯಾರ ಕಡೆ ಎಂದು ಕೇಳಿದರೆ, “ನಾ ಒಲಿ ಕಡೆ” ಎನ್ನುತ್ತಿದ್ದಳು. ನನಗೂ ಎರಡು ಹೆಸರು. ಪಡಸಾಲೆಯಲ್ಲಿ ಸುಜಾತಾ, ಅಡುಗೆಮನೆಯಲ್ಲಿ ಯಲ್ಲವ್ವ. ಕರೆದ ಹೆಸರಿನಿಂದಲೇ ಯಾವ ಕೋಣೆಗೆ ಓಡಬೇಕೆಂದು ತಿಳಿಯುತ್ತಿತ್ತು.

ಅಪ್ಪ ಪರಸಪ್ಪ ಲೈನ್‌ಮನ್ ಕೆಲಸದಲ್ಲಿದ್ದ. ಊರಿನ ಕಂಬಗಳನ್ನೆಲ್ಲ ಹತ್ತಿ ಇಳಿದವನು. ದೊಡ್ಡ ಮನೆಗಳಲ್ಲಿ ಕರೆಂಟು ಹೋದರೆ ಅವನನ್ನೇ ಕೂಗುತ್ತಿದ್ದರು. ಮಾಳಿಗೆಯ ಮೇಲೆ ಹತ್ತಲು ಬಿಡುತ್ತಿದ್ದರು, ಆದರೆ ನೀರು ಕೇಳಿದರೆ ಹೊರಗಟ್ಟೆಯ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದರು. ಮನೆಗೆ ಬಂದು ಕಂಬ ಹತ್ತುವ ಬೆಲ್ಟು ಬಿಚ್ಚಿ ಗೂಟಕ್ಕೆ ಹಾಕುವಾಗ ಅವನ ಮುಖ ನೋಡಿದರೆ ಅವತ್ತು ಯಾರ ಮನೆಗೆ ಹೋಗಿದ್ದ ಎಂದು ಅವ್ವ ಹೇಳಿಬಿಡುತ್ತಿದ್ದಳು. “ಅವರಿಗೆ ಆತ್ಮ ಐತೆಂತ, ಪರಮಾತ್ಮನ ತುಣುಕಂತ,” ಎಂದು ಅವನು ಗೊಣಗುವುದಿತ್ತು. “ನನಗ ಮಾತ್ರ ಕೈ ಕಾಲ ಅದಾವು.” ಆತ್ಮವೆಂಬ ಶಬ್ದ ಕೇಳಿದರೆ ಅವನಿಗೆ ಮೈ ಉರಿಯುತ್ತಿದ್ದುದು ಬರೀ ಪುಸ್ತಕ ಓದಿ ಅಲ್ಲ. ಆ ಶಬ್ದ ಯಾರ ಬಾಯಿಂದ ಬರುತ್ತದೆ ಎಂದು ನೋಡಿ ನೋಡಿ ಅವನಿಗೆ ಸಾಕಾಗಿತ್ತು.

ಇನ್ನು ಆಯಿಯ ಕಥೆ. ಹೊಳೆಯಾಚೆ ಒಂದು ಊರು. ಅಲ್ಲಿನ ಜನ ಬಾಯಿಗೆ ಬಂದದ್ದು ಮಾತಾಡಿ, ಬೈದಾಡಿ, ಸುಳ್ಳು ಸಾಕ್ಷಿ ಹೇಳಿದ್ದಕ್ಕೆ, ಕಡೆಗೆ ದೇವಿ ತಲೆ ಕೆಟ್ಟು ಎಲ್ಲರ ಮಾತನ್ನೂ ಕಿತ್ತುಕೊಂಡು ಪ್ರಾಣಿಗಳಿಗೆ ಹಂಚಿಬಿಟ್ಟಳು. ಬಳೆಗಾರನ ಮಾತು ನರಿಗೆ ಬಂತು. ಗಯ್ಯಾಳಿ ಅತ್ತೆಯೊಬ್ಬಳ ಮಾತು ಎಮ್ಮೆಗೆ ಬಂತು. ಎಮ್ಮೆಯ ಮಾತು ಬಂದಾಗ ಅವ್ವ ಹಿಟ್ಟಿನ ಕೈ ಬಾಯಿಗಿಟ್ಟುಕೊಂಡು ನಗುತ್ತಿದ್ದಳು, ಯಾಕೆಂದರೆ ಆ ದನಿ ಆಯಿಯದೇ ಇರುತ್ತಿತ್ತು. ಒಬ್ಬ ವಕೀಲನ ಮಾತು ಹೋತಕ್ಕೆ ಬಂತು. ಅದೇ ವಕೀಲ ಹೋತ. ಗಡ್ಡ ತೀಡುತ್ತ, “ಖರೆ ಹೇಳ್ರಿ ಸರದಾರ, ನೀವ ನೋಡಿದ್ರೇನು?” ಎಂದು ಪಾಟೀಸವಾಲು ಹಾಕುವಾಗ ಆಯಿಗೆ ಇಲ್ಲದ ಗಡ್ಡ ನನ್ನ ಕಣ್ಣಿಗೆ ಕಾಣುತ್ತಿತ್ತು. ಕೇಳುವವರು ಮಾತು ಮಾತಿಗೆ ಹೂಂ ಅನ್ನಬೇಕು. ಹೂಂ ನಿಂತರೆ ಕಥೆ ನಿಂತಿತು. ಅದು ಆಯಿಯ ಕಟ್ಟಳೆ, ಅದಕ್ಕೆ ಅಪೀಲಿಲ್ಲ.

ನನಗೆ ಬುದ್ಧಿ ಬರುವ ಮೊದಲು ಒಮ್ಮೆ ಜ್ವರ ತಲೆಗೇರಿ ಕಣ್ಣು ಮೇಲಾಗಿತ್ತಂತೆ. ಅಪ್ಪ ನನ್ನನ್ನು ಎತ್ತಿಕೊಂಡು ಸವದತ್ತಿಯ ದವಾಖಾನೆಗೆ ಓಡಿದ್ದ. ಅದೇ ಗಳಿಗೆಯಲ್ಲಿ ಆಯಿ ದುರ್ಗವ್ವನ ಗುಡಿಯ ಮುಂದೆ ಸೆರಗೊಡ್ಡಿ, ಕೂಸು ಉಳಿದರೆ ಜೀವಕ್ಕೆ ಜೀವ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದಳು. ನಾನು ಉಳಿದೆ. ಇಂಜೆಕ್ಷನ್ ಉಳಿಸಿತು ಎಂದ ಅಪ್ಪ. ಆಯಿ ವಾದಕ್ಕೆ ಹೋಗದೆ ಸಂತೆಯಿಂದ ಆಡಿನ ಮರಿಯೊಂದನ್ನು ತಂದು ಬೇವಿನ ಗಿಡಕ್ಕೆ ಕಟ್ಟಿದಳು. ಹಣೆಯ ಮೇಲೆ ಬಿಳಿ ಚುಕ್ಕಿಯ ಕರಿ ಗಂಡುಮರಿ. ದೊಡ್ಡದಾದ ಮೇಲೆ ಒಪ್ಪಿಸುವ ಮಾತು.

ಹರಕೆಯ ಮರಿಗೆ ಹೆಸರಿಡಬಾರದು ಎಂಬುದು ಕೇರಿಯ ರೂಢಿ. ಹೆಸರಿಟ್ಟರೆ ಕರುಳು ಕಟ್ಟಿಕೊಳ್ಳುತ್ತದೆ. ಆಯಿ ಹೆಸರಿಡಲಿಲ್ಲ, ನಮಗೂ ಇಡಗೊಡಲಿಲ್ಲ. ಆದರೆ ಅವಳು ಅದಕ್ಕಿಂತ ದೊಡ್ಡ ತಪ್ಪು ಮಾಡಿದಳು. ಕಥೆ ಹೇಳುವಾಗ ಅವಳ ಕಣ್ಣು ಬಾಗಿಲಾಚೆ ಅಂಗಳದಲ್ಲಿ ಕಟ್ಟಿದ ಮರಿಯ ಮೇಲೆ ಇರುತ್ತಿತ್ತು. ಮೊದಲು ಗಡ್ಡ ಮಾತ್ರವಿದ್ದ ವಕೀಲನಿಗೆ ಬರುಬರುತ್ತ ಹಣೆಯ ಮೇಲೆ ಬಿಳಿ ಚುಕ್ಕಿ ಬಂತು. ಆಮೇಲೆ ಎಡಗೊಂಬಿನ ಸೊಟ್ಟು ಬಂತು. ಕಾಲು ಕೆರೆದು ಕೆಮ್ಮುವ ಚಾಳಿ ಬಂತು. ಬಾಯಿಲ್ಲದ ಹರಕೆಯ ಮರಿಗೆ ಅವಳೇ ಕಥೆಯಲ್ಲಿ ಮಾತು ಕೊಟ್ಟಳು. ನಾನು ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳಕ್ಕೆ ಹೋಗಿ, “ವಕೀಲಸಾಹೇಬ್ರ, ಇವತ್ತ ಕೋರ್ಟಿಗೆ ಹೋಗೂದಿಲ್ಲೇನ್ರಿ?” ಎಂದರೆ ಅದು ನನ್ನ ಲಂಗದ ಅಂಚು ಜಗಿಯುತ್ತ ನನ್ನನ್ನೇ ನೋಡುತ್ತಿತ್ತು. ಅವ್ವ ಒಳಗಿನಿಂದ, “ಅತ್ತೀ, ನೀವ ಮಾಡಿದ್ದಿದು, ನೋಡ್ರಿ,” ಎಂದು ಕೂಗುತ್ತಿದ್ದಳು. ಆಯಿ ಕೇಳಿಸದವಳ ಹಾಗೆ ಜೋಳ ಕೇರುತ್ತ ಕುಳಿತಿರುತ್ತಿದ್ದಳು.

ಹೋತ ಬಲಿತ ವರ್ಷ ಆಯಿಯ ತಮ್ಮ, ದುರ್ಗವ್ವನ ಪೂಜಾರಿ ಫಕೀರಪ್ಪಜ್ಜ, ಮನೆಗೆ ಬಂದು ಕುಳಿತು ಚಹಾ ಕುಡಿದು ಕೊಂಬು ಮುಟ್ಟಿ ನೋಡಿ, “ಅಕ್ಕಾ, ಇನ್ನ ಇಟಗೊಳ್ಳೂದು ಚಲೋ ಅಲ್ಲ” ಎಂದ. ದಸರೆ ಮುಗಿದ ಮೇಲಿನ ಮಂಗಳವಾರ ಎಂದು ನಿಗದಿಯಾಯಿತು. ಅಲ್ಲಿಂದ ನಮ್ಮ ಮನೆಯಲ್ಲಿ ಅನ್ನ ಗಂಟಲಲ್ಲಿ ಇಳಿಯದಂಥ ದಿನಗಳು. ಅಪ್ಪ ಮೊದಲ ದಿನ ತಾಟು ತಳ್ಳಿ ಎದ್ದ.

“ನನ್ನ ಮನ್ಯಾಗ ರಕ್ತ ಬೀಳಾಂಗಿಲ್ಲ.”

“ನಿನ್ನ ಮನ್ಯಾಗ ಅಲ್ಲ. ಗುಡಿ ಮುಂದ.”

“ಕೊಂದದ್ದು ಕೊಂದದ್ದ. ಮಗಳ ಜೀವ ಉಳಿಸಿದ್ದು ಡಾಕ್ಟರು. ಅದಕ್ಕ ಆ ಮೂಕ ಪ್ರಾಣಿ ಏನ ಮಾಡೀತು?”

“ಮೂಕಂತ ಯಾರ ಅಂದ್ರು?” ಎಂದಳು ಆಯಿ. “ಕೇಳೊ ತಮ್ಮಾ. ಜೀವಕ್ಕ ಜೀವಾ ಅಂತ ಆಡೇನಿ. ಅಂವಗ ಆತ್ಮ ಇಲ್ಲಂದ್ರ ನಾ ದೇವಿಗೆ ಖಾಲಿ ಚೀಲಾ ಕೊಟ್ಟಂಗ. ಅದನ್ನ ತಗೊಂಡು ಆಕಿ ನಮ್ಮ ಕೂಸಿನ ಬಿಡ್ತಾಳೇನು?”

“ಆತ್ಮ ಐತೆಂದ್ರ ಕೊಲ್ಲೂದು ಹೆಂಗ ಮತ್ತ?”

“ಕೇಳಿ ಕೊಡೂದು. ಅಂವನ್ನ ಕೇಳಿ. ಅದಕ್ಕ ನೀರ ಹಾಕೂದು.”

ಹರಕೆಯ ಪ್ರಾಣಿಯನ್ನು ಕೇಳದೆ ಕೊಡುವ ಹಾಗಿಲ್ಲ. ಗುಡಿಯ ಮುಂದೆ ನಿಲ್ಲಿಸಿ ಬೆನ್ನ ಮೇಲೆ ಅರಿಶಿನದ ನೀರು ಹೊಯ್ಯುತ್ತಾರೆ. ಮೈ ಕೊಡವಿ ಝಾಡಿಸಿದರೆ ಒಪ್ಪಿದೆ ಎಂದು ಲೆಕ್ಕ. ಝಾಡಿಸದಿದ್ದರೆ ಒಲ್ಲೆ ಅಂದ ಹಾಗೆ. ಆದರೆ ಒಲ್ಲೆ ಅಂದ ಪ್ರಾಣಿಯನ್ನು ನಮ್ಮ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. ಯಾಕೆ ಕಂಡಿರಲಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು. ಅದು ತಡ ಮಾಡಿದರೆ ಪೂಜಾರಿ ಕಿವಿಯೊಳಗೆ ಒಂದು ಗುಟುಕು ತಣ್ಣೀರು ಬಿಡುತ್ತಾನೆ. ಕಿವಿಗೆ ನೀರು ಹೋದರೆ ಯಾವ ಪ್ರಾಣಿಯೂ ತಲೆ ಕೊಡವದೆ ಬಿಡುವುದಿಲ್ಲ.

“ಆಯ್ತವ್ವಾ,” ಎಂದ ಅಪ್ಪ ಕೊನೆಗೆ, ಬಹಳ ತಣ್ಣಗೆ. “ನೀ ಕೇಳು. ನಾನೂ ಬಂದು ಬಾಜೂಕ ನಿಂದರ್ತೇನಿ. ಯಾರರ ಅದರ ಕಿವೀಗೆ ಕೈ ಹಚ್ಚಿದ್ರೋ, ಫಕೀರಪ್ಪಮಾಮಾನ ಇರಲಿ, ನೆಟ್ಟಗ ಆಗೂದಿಲ್ಲ.”

ಅವ್ವ ಅವತ್ತು ಮೊದಲ ಬಾರಿ ಒಲೆಯ ಕಡೆಯಿಂದ ಎದ್ದು ಬಂದಳು. “ನಾಳಿ ಹುಡುಗಿಗೆ ಏನರ ಆದ್ರ ನೀವಿಬ್ಬರೂ ವಾದಾ ಮಾಡಕೋಂತ ಕುಂದರ್ರಿ,” ಎಂದಳು. ನಾನು ಚಾಪೆಯ ಮೇಲೆ ಕುಳಿತು ಎಲ್ಲರ ಮುಖ ನೋಡುತ್ತಿದ್ದೆ. ಹೋತ ಸತ್ತರೆ ನಾನು ಉಳಿಯುತ್ತೇನೆ, ಹೋತ ಉಳಿದರೆ ನಾನು ಸಾಯಬಹುದು. ನನಗೆ ತಿಳಿದದ್ದು ಇಷ್ಟೇ, ಇದರಲ್ಲಿ ತಿಳಿಯದಂಥದ್ದು ಏನೂ ಇರಲಿಲ್ಲ. ಮಕ್ಕಳ ಎದುರು ಏನು ಮಾತಾಡಬೇಕು ಏನು ಬಿಡಬೇಕು ಎಂಬ ನಾಜೂಕು ಆಗ ಯಾರಿಗೂ ಇರಲಿಲ್ಲ. ಇದ್ದಿದ್ದರೆ ನಾನು ಇಂದು ಬೇರೆ ಏನೋ ಆಗಿರುತ್ತಿದ್ದೆ, ಬಹುಶಃ ಇನ್ನಷ್ಟು ನೆಮ್ಮದಿಯ ಹೆಂಗಸು.

ವಿಚಿತ್ರವೆಂದರೆ ಆ ದಿನಗಳಲ್ಲೇ ಕಥೆಯೂ ಬಿಗಿಯಾಯಿತು. ಆ ಊರಿನ ರಾಜ ತನ್ನ ನಾಲಿಗೆಯನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದರಿಂದ ಅವನೊಬ್ಬನ ಮಾತು ಉಳಿದಿತ್ತು. ಪ್ರಾಣಿಗಳ ಮಾತೆಲ್ಲ ಕದ್ದ ಮಾಲು, ತಿರುಗಿ ಕೊಡಬೇಕು ಎಂದು ಅವನು ದಾವೆ ಹೂಡಿದ. ವಕೀಲ ಹೋತ ಎದ್ದು ನಿಂತಿತು. ಆಗ ರಾಜ ಒಂದು ಕಾನೂನು ತಂದ. ಆತ್ಮ ಇಲ್ಲದವರ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ, ನಿನಗೆ ಆತ್ಮವಿದೆಯೆಂದು ಮೊದಲು ತೋರಿಸು. ತೋರಿಸದಿದ್ದರೆ ಹಕ್ಕಿಯಿಂದ ಎಮ್ಮೆಯವರೆಗೆ ಎಲ್ಲರ ಬಾಯಿಯೂ ಬಂದ್. ಸೋಮವಾರ ಸಂಜೆ ಆಯಿ ಇಲ್ಲಿಗೆ ಬಂದು ನಿಂತಳು. ರಾಜ ಸಿಂಹಾಸನದಿಂದ ಬಾಗಿ, “ಹೇಳು ವಕೀಲಾ, ನಿನಗ ಆತ್ಮ ಐತೇನು?” ಎಂದು ಕೇಳಿದ. ನಾನು ಹೂಂ ಅಂದೆ. ಆಯಿ ಸುಮ್ಮನಾದಳು. ಮತ್ತೆ ಹೂಂ ಅಂದೆ.

“ನಾಳಿ ಹೇಳ್ತೇನಿ ಮಲಕೊ ಯಲ್ಲವ್ವಾ,” ಎಂದು ಎದ್ದು ಹೋದಳು.

ಮಂಗಳವಾರ ಬೆಳಿಗ್ಗೆ ತಲೆಗೆ ನೀರು ಹಾಕುವಾಗ ಅವ್ವನ ಕೈ ನನ್ನ ಕುತ್ತಿಗೆಯ ಮೇಲೆ ತಡೆಯಿತು. ಮೈ ಬೆಚ್ಚಗಿತ್ತು. ನನಗೆ ಹಿಂದಿನ ದಿನದಿಂದಲೇ ಗಂಟಲು ನೋಯುತ್ತಿತ್ತು. ಅವ್ವ ಅಪ್ಪನ ಎದುರು ಕರೆದೊಯ್ದು ನನ್ನನ್ನು ನಿಲ್ಲಿಸಿದಳು. ಅಪ್ಪ ಹಣೆ ಮುಟ್ಟಿ ನೋಡಿದ. ಆಮೇಲೆ ಬೆಲ್ಟು ಕಟ್ಟಿಕೊಂಡ. ಡ್ಯೂಟಿಗೆ ಹೊರಟವನ ವೇಷದಲ್ಲೇ ಅವನು ನಮ್ಮ ಹಿಂದೆ ಗುಡಿಗೆ ಬಂದ. ಅವನ ಒಂದು ಕೈ ನನ್ನ ಹೆಗಲ ಮೇಲಿತ್ತು, ಅದು ಯಾಕೋ ಭಾರವಾಗಿತ್ತು.

ದುರ್ಗವ್ವನ ಗುಡಿ ಎಂದರೆ ಒಂದು ಕಟ್ಟೆ, ತಗಡಿನ ನೆರಳು, ಹಿಂದೆ ಜಾಲಿ ಗಿಡ. ಕೇರಿಯವರು ಒಂದಿಷ್ಟು ಜನ ಸೇರಿದ್ದರು. ಫಕೀರಪ್ಪಜ್ಜನ ಪಕ್ಕದಲ್ಲಿ ಕೆಂಪು ಅರಿವೆಯಲ್ಲಿ ಸುತ್ತಿದ್ದು ಏನೆಂದು ನನಗೆ ಗೊತ್ತಿತ್ತು, ಅತ್ತ ನೋಡಲಿಲ್ಲ. ಹೋತದ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಅದು ಕೊರಳು ಸೊಟ್ಟ ಮಾಡಿ ಮಾಲೆಯ ತುದಿಯನ್ನು ಬಾಯಿಗೆಳೆದುಕೊಂಡು ಜಗಿಯತೊಡಗಿತು. ಯಾರೋ ನಕ್ಕರು. ಆಯಿ ನಗಲಿಲ್ಲ. ಚರಿಗೆ ತೆಗೆದುಕೊಂಡು ಅದರ ಎದುರು ಕುಕ್ಕರಗಾಲಲ್ಲಿ ಕುಳಿತು, ಮನುಷ್ಯರಿಗೆ ಹೇಳುವ ಹಾಗೆ ಹೇಳಿದಳು.

“ನೋಡಪಾ. ನನ್ನ ಮೊಮ್ಮಗಳ ಸಲುವಾಗಿ ನಿನ್ನ ಕೇಳಾಕತ್ತೇನಿ. ಒತ್ತಾಯಿಲ್ಲ. ಹೌದಂದ್ರ ಹೌದನ್ನು, ಒಲ್ಲೆ ಅಂದ್ರ ಒಲ್ಲೆ ಅನ್ನು.”

ನೀರು ಹೊಯ್ದಳು. ಹಳದಿ ನೀರು ಬೆನ್ನಿನಿಂದ ಪಕ್ಕೆಗೆ, ಪಕ್ಕೆಯಿಂದ ನೆಲಕ್ಕೆ ಇಳಿಯಿತು. ಹೋತ ಜಗಿಯುವುದನ್ನು ನಿಲ್ಲಿಸಿತು. ಝಾಡಿಸಬೇಡ ಎಂದು ಒಳಗೆ ಒಮ್ಮೆ ಕೂಗಿಕೊಂಡೆ, ಮರುಗಳಿಗೆಯಲ್ಲೇ ಝಾಡಿಸು, ನನಗೆ ಹೆದರಿಕೆ ಆಗುತ್ತಿದೆ ಎಂದೂ ಕೂಗಿಕೊಂಡೆ. ಎರಡೂ ಖರೆ. ಹೋತ ಮೈ ಅಲುಗಿಸಲಿಲ್ಲ. ಒಂದು ರೋಮ ಅಲುಗಲಿಲ್ಲ. ಸೊಟ್ಟ ಕೊಂಬು ಎತ್ತಿ ಆಯಿಯನ್ನೇ ನೋಡುತ್ತ, ನೀರು ತೊಟ್ಟಿಕ್ಕುತ್ತ ನಿಂತಿತು. ನಿಂತೇ ಇತ್ತು. ಬಿಸಿಲು ಏರಿತು. ಬೆನ್ನು ಒಣಗಲು ಶುರುವಾಯಿತು. ಹೆಂಗಸರು ಪಿಸುಗುಟ್ಟಲು ಹತ್ತಿದರು. ಕಡೆಗೆ ಫಕೀರಪ್ಪಜ್ಜ ಚರಿಗೆ ತೆಗೆದುಕೊಂಡು ಹೋತದ ತಲೆಯ ಕಡೆ ಸರಿದ.

ಅಪ್ಪನ ಕೈ ನನ್ನ ಹೆಗಲಿನಿಂದ ಎದ್ದಿತು. ಅವನು ಬಾಯಿ ತೆರೆಯುವ ಮೊದಲೇ ಆಯಿ ತಮ್ಮನ ಮುಂಗೈ ಹಿಡಿದಿದ್ದಳು.

“ಬಿಡಕ್ಕಾ. ಎಲ್ಲಾರೂ ಹಿಂಗ ಮಾಡ್ತಾರ.”

“ಕಿವ್ಯಾಗ ನೀರ ಹೊಯ್ದ್ರ ನೀನೂ ತಲಿ ಝಾಡಸ್ತಿ. ಅದು ಒಪ್ಪಿಗಿ ಅಲ್ಲ.”

“ಹುಡುಗಿ ಜೀವದ ಮಾತೈತಕ್ಕಾ. ಆಡಿನ ಮುಖಾ ನೋಡತಿಯೋ, ಕೂಸಿನ ಮುಖಾ ನೋಡತಿಯೋ?”

ಆಯಿ ನನ್ನ ಕಡೆ ನೋಡಿದಳು. ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಅವ್ವ ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು. ಆಗ ಅಪ್ಪ ಮಾತಾಡಿದ. ಅವನ ದನಿ ಅವನದಾಗಿರಲಿಲ್ಲ.

“ಯವ್ವಾ... ಇನ್ನೊಮ್ಮೆ ಕೇಳಿ ನೋಡ.”

ಎಲ್ಲರೂ ತಿರುಗಿದರು. ಈ ಮನುಷ್ಯನನ್ನು ಊರು ಕಂಡದ್ದು ದೇವರ ಮುಂದೆ ಕೈ ಮುಗಿಯದವನೆಂದು, ಅಂತ್ರ-ತಾಯತ ಕಟ್ಟಲು ಬಂದವರನ್ನು ಬೈದು ಕಳಿಸಿದವನೆಂದು. ಅವನು ಕಿವಿ ಕಾಯಲು ಬಂದಿದ್ದ. ಈಗ ಹರಿದ ಹಾಳೆಯಂಥ ಮುಖ ಮಾಡಿಕೊಂಡು, ಹೋತದ ಒಪ್ಪಿಗೆ ಬೇಡುತ್ತಿದ್ದ.

“ನೀನ ಇದನ್ನ ಅನ್ನೂದು?” ಎಂದಳು ಆಯಿ.

“ಹುಡುಗಿ ಮೈ ಸುಡಾಕತ್ತೈತವ್ವಾ.”

“ಒಳಗ ಯಾರೂ ಇಲ್ಲಂತಿದ್ದಿ. ಇಲ್ಲದವರನ್ನ ಏನಂತ ಕೇಳ್ಲಿ?”

ಅಪ್ಪ ತಲೆ ತಗ್ಗಿಸಿದ. ಆಯಿಗೆ ಗೆದ್ದ ಖುಷಿ ಇರಲಿಲ್ಲ. ಎದ್ದು ಬಂದು ಮಗನ ಎದೆಯ ಮೇಲೆ, ಬೆಲ್ಟಿನ ಪಟ್ಟಿಯ ಮೇಲೆ, ಒದ್ದೆ ಅಂಗೈ ಇಟ್ಟಳು.

“ಅಂವ ಒಲ್ಲೆ ಅಂದಾನೊ ತಮ್ಮಾ. ಹೂಂ ಅನ್ನೂತನಕಾ ಕೇಳಿದ್ರ ಅದು ಕೇಳಿದಂಗಲ್ಲ, ಕಾಡಿದಂಗ. ನಿನಗ ಅದು ನನಗಿಂತ ಚಲೋ ಗೊತ್ತೈತಿ.”

ಆಮೇಲೆ ಕಟ್ಟೆಯ ಕಡೆ ತಿರುಗಿ ಸೆರಗೊಡ್ಡಿದಳು. ಈ ಮಾತನ್ನು ನಾನು ಮರೆತಿಲ್ಲ, ಮರೆಯುವುದಿಲ್ಲ.

“ತಾಯೀ, ಇಂವ ಒಲ್ಲೆ ಅಂದ. ನಾ ಜುಲುಮಿ ಮಾಡೂದಿಲ್ಲ. ನನ್ನ ಕೂಸಿನ ಮ್ಯಾಲ ಸಿಟ್ಟಾಗಬ್ಯಾಡ. ನನ್ನ ಹಂತ್ಯಾಕ ನನ್ನದಂತ ಇರೂದು ಕತಿ ಒಂದ. ನನ್ನ ಜೀವ ಇರೂದೂ ಅದರಾಗ. ಅದನ್ನ ತಗೋ. ಇವತ್ತಿನಿಂದ ನಾ ಕತಿ ಹೇಳೂದಿಲ್ಲ.”

ಅಲ್ಲಿಂದಲೇ ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದ. ಸವದತ್ತಿಯಲ್ಲಿ ಇಂಜೆಕ್ಷನ್ ಆಯಿತು, ಕೆಂಪು ಔಷಧ ಬಂತು. ಮನೆಯಲ್ಲಿ ಆಯಿ ಹಣೆಗೆ ಭಂಡಾರ ಹಚ್ಚಿದಳು. ವಾರ ಕಳೆಯುವುದರೊಳಗೆ ನಾನು ಎದ್ದು ಓಡಾಡಿದೆ. ಬರೀ ಗಂಟಲ ಬಾವು ಎಂದರು. ಅಪ್ಪ ಈ ಸಲ ಇಂಜೆಕ್ಷನ್ ಉಳಿಸಿತು ಎನ್ನಲಿಲ್ಲ. ಹೋತವನ್ನು ಮತ್ತೆ ಬೇವಿನ ಗಿಡಕ್ಕೆ ಕಟ್ಟಿದೆವು. ಅದು ಮುಂದೆ ಬಹಳ ಕಾಲ ಬದುಕಿ, ನಾತ ಹೊಡೆಯುವ ಮುದಿ ಹೋತವಾಗಿ, ಬಂದವರಿಗೆಲ್ಲ ಹಾಯ್ದು, ಅಪ್ಪನ ಖಾಕಿ ಅಂಗಿಯ ತೋಳೊಂದನ್ನು ತಿಂದು ತೇಗಿತು. ಅದಕ್ಕೆ ನಮ್ಮ ಬಗ್ಗೆ ಯಾವ ಉಪಕಾರಸ್ಮರಣೆಯೂ ಇದ್ದಂತೆ ಕಾಣಲಿಲ್ಲ.

ಆದರೆ ಸಂಜೆಗಳು ಸತ್ತುಹೋದವು. ರೊಟ್ಟಿ ಬಡಿಯುವ ಸಪ್ಪಳ, ಅದು ಬಿಟ್ಟರೆ ಒಲೆಯಲ್ಲಿ ಹತ್ತಿಕಟ್ಟಿಗೆ ಸಿಡಿಯುವ ಸಪ್ಪಳ. ಆಯಿ ಗೋಡೆಗೆ ಒರಗಿ ಮೊಣಕಾಲ ಮೇಲೆ ಗದ್ದ ಇಟ್ಟು ಕುಳಿತಿರುತ್ತಿದ್ದಳು. ಬೇಳೆಯ ಬಗ್ಗೆ, ನೆಗಡಿಯ ಬಗ್ಗೆ ಮಾತಾಡುವಳು, ಆದರೆ ಕಥೆಯ ಹೊತ್ತಿಗೆ ಅವಳ ತುಟಿ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು. ನಾನು ಕಾಡಿದೆ, ಅತ್ತು ಕರೆದೆ, ಒಮ್ಮೆ ತಾಟು ಎಸೆದೆ. ನನಗಾಗಿ ಹೋದದ್ದು ಅದು ಎಂದು ತಿಳಿದಿತ್ತು, ತಿಳಿದೇ ಇನ್ನಷ್ಟು ಸಿಟ್ಟು ಬರುತ್ತಿತ್ತು. ನನ್ನ ಕೇಳಿ ಕೊಟ್ಟಳೇ ಅವಳು? ಅಪ್ಪನೂ ಒಂದೆರಡು ಸಲ ಹತ್ತಿರ ಕುಳಿತು ಹೇಳಿ ನೋಡಿದ.

“ಹುಡುಗಿ ಆರಾಮ ಆಗ್ಯಾಳವ್ವಾ. ಇನ್ನರ ಹೇಳು. ರಾಜ ಕೇಳಿದ್ದಕ್ಕ ಅದು ಏನ ಅಂತು?”

“ಕೊಟ್ಟದ್ದನ್ನ ಹೊಳ್ಳಿ ಇಸಗೊಳ್ಳಾಕ ಬರೂದಿಲ್ಲೊ.”

“ನಿನಗರ ಗೊತ್ತಿತ್ತೇನು, ಏನ ಅಂತೈತಂತ?”

ಆಯಿ ತಲೆಯಾಡಿಸಿದಳು, ಇಲ್ಲ ಎಂದು. ಸೋಮವಾರ ಅವಳು ನಿಲ್ಲಿಸಿದ್ದು ನನ್ನನ್ನು ಕಾಯಿಸಲು ಎಂದು ನಾನು ತಿಳಿದಿದ್ದೆ. ಅಲ್ಲ, ಅವಳಿಗೆ ಉತ್ತರವೇ ಇರಲಿಲ್ಲ. ಗುಡಿಯ ಮುಂದೆ ಹೋತವನ್ನು ಕೇಳುವ ತನಕ ಅವಳಿಗೂ ಉತ್ತರ ಗೊತ್ತಿರಲಿಲ್ಲ.

ಹೀಗೇ ಚಳಿಗಾಲ ಬಂತು. ಒಂದು ಸಂಜೆ ಅಪ್ಪ ಬೇಗ ಬಂದ. ಬೆಲ್ಟು ಗೂಟಕ್ಕೆ ಹಾಕಿ, ಕಂಬದ ಬದಿಗೆ ಹೋಗದೆ, ಬಾಗಿಲಚೌಕಟ್ಟು ದಾಟಿ ಬಂದು ಒಲೆಯ ಮುಂದೆ ಆಯಿಯ ಹಳೆಯ ಮಣೆಯ ಮೇಲೆ ಕುಳಿತ. ಗಂಟಲು ಸರಿಮಾಡಿಕೊಂಡ. ಅವ್ವ ಹಿಟ್ಟಿನ ಕೈ ಹಾಗೇ ಹಿಡಿದು ಅವನನ್ನೇ ನೋಡಿದಳು.

“ಹೊಳಿಯಾಚೆ ಒಂದು ಊರು,” ಎಂದ ಅಪ್ಪ, ಅರ್ಜಿ ಓದುವವನ ಹಾಗೆ. “ಆ ಊರಾಗ ವಕೀಲ ಹೋತ ಇತ್ತು. ಒಂದಿನ ಊರಾಗಿನ ಲೈಟ ಹೋತು. ಹೋತ ಕಂಬಾ ಹತ್ತಿ...”

“ಅಪ್ಪಾ, ಆ ಊರಾಗ ಕರೆಂಟ ಇಲ್ಲ!” ನನಗೆ ನಾಚಿಕೆಯಾಯಿತು, ಅವನ ಪರವಾಗಿ.

“ಆಯ್ತು, ಕಂಬಾ ಬ್ಯಾಡ,” ಎಂದ. ಬೆವರು ಒರೆಸಿಕೊಂಡ. ಎಂಥೆಂಥ ಕಂಬ ಹತ್ತಿದವನು ಆ ಮಣೆಯ ಮೇಲೆ ಬೆವರುತ್ತಿದ್ದ. “ಕೋರ್ಟ ತುಂಬೇತಿ. ಎಮ್ಮಿ ಬಂದೈತಿ, ನರಿ ಬಂದೈತಿ. ರಾಜ ಕುಂತಾನ. ರಾಜ ಕೇಳಿದ, ವಕೀಲಾ, ನಿನಗ ಆತ್ಮ ಐತೇನು?”

ಅಲ್ಲಿಗೆ ನಿಂತ. ನಾನು ಹೂಂ ಅನ್ನಲಿಲ್ಲ, ಮುನಿಸಿಕೊಂಡೇ ಇದ್ದೆ. ಐತಿ ಎಂದು ಹೇಳಿದರೆ ಅವನು ಆತ್ಮ ಒಪ್ಪದ ಬುದ್ಧನಿದ್ದ ಪಡಸಾಲೆಯ ಗೋಡೆಗೆ ಮುಖ ತೋರಿಸುವ ಹಾಗಿಲ್ಲ. ಇಲ್ಲ ಎಂದರೆ ಎಲ್ಲ ಪ್ರಾಣಿಗಳ ಬಾಯಿಯೂ ಬಂದ್. ಅವನು ಹೆಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿಯನ್ನು ನೋಡುತ್ತ ಬಹಳ ಹೊತ್ತು ಕುಳಿತ. ಕೊನೆಗೆ ಮಾತಾಡಿದಾಗ ಅರ್ಜಿ ಓದುವ ದನಿ ಹೋಗಿತ್ತು.

“ವಕೀಲ ಹೋತ ಗಡ್ಡಾ ತೀಡಿಕೊಂಡ. ಅಂವ ಅಂದ, ಆತ್ಮ ಅನ್ನೂದು ಐತೋ ಇಲ್ಲೋ ನನಗ ಗೊತ್ತಿಲ್ಲ ರಾಜಾ. ಆದ್ರ ನೀ ಈಗ ನನ್ನ ಕೇಳಿದಿ. ಇಷ್ಟ ದಿನಾ ಯಾರೂ ನಮ್ಮನ್ನ ಏನೂ ಕೇಳಿದ್ದಿಲ್ಲ. ಕೇಳಿದ ಮ್ಯಾಲ, ನಾ ಏನ ಅಂತೇನಿ ಅನ್ನೂದನ್ನ ನೀ ಕುಂತು ಕೇಳಾಕಬೇಕು.”

ಅಪ್ಪ ‘ಅದು’ ಬಿಟ್ಟು ‘ಅಂವ’ ಅಂದದ್ದನ್ನು ಅವ್ವ ಗಮನಿಸಿದಳು, ನನ್ನ ತೊಡೆ ಚಿವುಟಿದಳು. ರೊಟ್ಟಿ ಹೆಂಚಿನ ಮೇಲೆ ಸೀಯುತ್ತಿತ್ತು. ಯಾರೂ ಅದನ್ನು ತೆಗೆಯಲಿಲ್ಲ.

ಗೋಡೆಯ ಕಡೆ ಅರಿವೆಯ ಸಪ್ಪಳವಾಯಿತು. ಆಯಿ ಮೊಣಕಾಲ ಮೇಲಿನ ಗದ್ದ ಎತ್ತಿದ್ದಳು.

“ಹೂಂ,” ಅಂದಳು. “ಮುಂದ?”